ಇಂಪ್ಲಾಂಟ್ ಮೇಲೆ ದೇಹ ತಿರುಗಿಬೀಳುವುದು ಏಕೆ, ಅದನ್ನು ತಗ್ಗಿಸುವುದು ಹೇಗೆ

ಹರ್ನಿಯಾಕ್ಕೆ ಹಾಕುವ ಪಾಲಿಪ್ರೊಪಿಲೀನ್ ಮೆಶ್ (ಪ್ಲಾಸ್ಟಿಕ್ ನೂಲಿನ ಬಲೆ), ಹೃದಯಕ್ಕೆ ಇಳಿಸುವ ಪೇಸ್‌ಮೇಕರ್ ತಂತಿ, ಸವೆದ ಸೊಂಟದ ಕೀಲಿನ ಜಾಗಕ್ಕೆ ಬರುವ ಲೋಹದ ಚೆಂಡು, ದವಡೆಗೆ ತಿರುಗಿಸುವ ಟೈಟಾನಿಯಂ ಸ್ಕ್ರೂ. ಇವೆಲ್ಲಕ್ಕೂ ‘ದೇಹಕ್ಕೆ ಒಗ್ಗುವ ವಸ್ತು’ ಎಂಬ ಹಣೆಪಟ್ಟಿ ಇರುತ್ತದೆ. ಆ ಮಾತು ಅರ್ಧ ನಿಜ. ಒಳಗೆ ಸೇರಿದ್ದನ್ನು ದೇಹ ಗಮನಿಸದೆ ಬಿಟ್ಟುಬಿಡುತ್ತದೆ ಎನ್ನುವಂಥ ಇಂಪ್ಲಾಂಟ್ ಇವತ್ತು ಬಳಕೆಯಲ್ಲಿ ಒಂದೂ ಇಲ್ಲ. ಒಗ್ಗುವುದು ಎಂದರೆ, ದೇಹ ಪ್ರತಿಕ್ರಿಯೆ ತೋರಿಸಿಯೂ ಇಂಪ್ಲಾಂಟ್ ತನ್ನ ಕೆಲಸ ಮಾಡುತ್ತಿರುವುದು, ಅಷ್ಟೇ.

ವಸ್ತುವಿನ ಹೆಸರು ಕೇಳಿ ಇದು ಒಳ್ಳೆಯದು, ಅದು ಕೆಟ್ಟದ್ದು ಎನ್ನುವ ಅಭ್ಯಾಸ ರೋಗಿಗಳಲ್ಲೂ ಇದೆ, ವೈದ್ಯರಲ್ಲೂ ಇದೆ. ಆದರೆ ಪಾಲಿಎಥಿಲೀನ್ ಗಟ್ಟಿಯಾಗಿ ಇಡಿಯಾಗಿರುವವರೆಗೆ ತೆಪ್ಪಗಿರುತ್ತದೆ, ಸವೆದು ಪುಡಿಯಾದರೆ ಸುತ್ತಲಿನ ಮೂಳೆಯನ್ನೇ ಕರಗಿಸುತ್ತದೆ. ಪಾಲಿಪ್ರೊಪಿಲೀನ್ ನೂಲಿನ ನಡುವೆ ಅಗಲ ಕಿಂಡಿ ಇದ್ದರೆ ಮೃದು ಅಂಗಾಂಶ ಬೆಳೆಯುತ್ತದೆ, ಕಿಂಡಿ ಕಿರಿದಾದರೆ ಹಲಗೆಯಂಥ ಗಟ್ಟಿ ಕಲೆ ಕೂರುತ್ತದೆ. ರಾಸಾಯನಿಕವಾಗಿ ವಸ್ತು ಒಂದೇ. ಬದಲಾಗಿದ್ದು ಅಳತೆ, ಆಕಾರ, ಅಲುಗಾಟ. ಪ್ರತಿಕ್ರಿಯೆಯನ್ನು ತಗ್ಗಿಸುವ ಕೆಲಸದಲ್ಲಿ ಹೆಚ್ಚು ಫಲ ಸಿಕ್ಕಿರುವುದೂ ಇಲ್ಲೇ.

ಮೊದಲ ಕ್ಷಣದಿಂದ ಮೊದಲ ತಿಂಗಳವರೆಗೆ

ಇಂಪ್ಲಾಂಟ್ ರಕ್ತಕ್ಕೆ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಅದರ ಮೈಮೇಲೆ ಪ್ರೋಟೀನುಗಳ ತೆಳುಪದರ ಕೂರುತ್ತದೆ. ಮೊದಲು ಬರುವುದು ರಕ್ತದಲ್ಲಿ ಹೇರಳವಾಗಿರುವ ಆಲ್ಬುಮಿನ್‌ನಂಥವು. ಸ್ವಲ್ಪ ಹೊತ್ತಿನಲ್ಲೇ ಅವುಗಳನ್ನು ತಳ್ಳಿ, ಹೆಚ್ಚು ಬಿಗಿಯಾಗಿ ಅಂಟುವ ಪ್ರೋಟೀನುಗಳು ಆ ಜಾಗ ಹಿಡಿಯುತ್ತವೆ. ಈ ಅದಲುಬದಲನ್ನು ಗುರುತಿಸಿದ ರಕ್ತವಿಜ್ಞಾನಿ ಲಿಯೊ ವ್ರೋಮನ್ ಅವರ ಹೆಸರೇ ಅದಕ್ಕೆ ಉಳಿದಿದೆ. ಇನ್ನು ಮುಂದೆ ಬರುವ ಜೀವಕೋಶಗಳು ಲೋಹವನ್ನಾಗಲಿ ಪ್ಲಾಸ್ಟಿಕ್ಕನ್ನಾಗಲಿ ನೇರವಾಗಿ ಮುಟ್ಟುವುದೇ ಇಲ್ಲ. ಅವು ಮುಟ್ಟುವುದು ಈ ಪ್ರೋಟೀನ್ ಪದರವನ್ನು.

ಇವುಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಮುಖ್ಯ. ರಕ್ತದಲ್ಲಿ ತೇಲುತ್ತಿರುವಾಗ ಅದು ಬಿಳಿ ರಕ್ತಕಣಗಳನ್ನು ಕೆರಳಿಸುವುದಿಲ್ಲ. ಮೇಲ್ಮೈಗೆ ಅಂಟಿದಾಗ ಅದರ ಮಡಿಕೆ ಬಿಚ್ಚಿ, ಒಳಗೆ ಅಡಗಿದ್ದ ಭಾಗ ಹೊರಬೀಳುತ್ತದೆ. ಬಿಳಿ ರಕ್ತಕಣದ ಗ್ರಾಹಕ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಫೈಬ್ರಿನೋಜನ್ ತೆಗೆದುಹಾಕಿದ ಇಲಿಗಳಲ್ಲಿ ಇಂಪ್ಲಾಂಟ್ ಮೇಲೆ ಕೂರುವ ಭಕ್ಷಕ ಕೋಶಗಳು ತೀರಾ ಕಡಿಮೆ ಎಂಬುದು 1993ರಲ್ಲೇ ಕಂಡುಬಂದಿತ್ತು.

ಮೊದಲ ಒಂದೆರಡು ದಿನ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಕಾಲ. ಆಮೇಲೆ ಮ್ಯಾಕ್ರೋಫೇಜ್‌ಗಳು ಬರುತ್ತವೆ. ಸತ್ತ ಕೋಶ, ರೋಗಾಣು, ಕಸಕಡ್ಡಿಯನ್ನು ನುಂಗಿ ಜೀರ್ಣಿಸುವುದು ಇವುಗಳ ಕಸುಬು. ಒಂದು ಮ್ಯಾಕ್ರೋಫೇಜ್‌ನ ಅಳತೆ ಹತ್ತಿಪ್ಪತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಎದುರಿಗಿರುವುದು ಕೆಲವು ಸೆಂಟಿಮೀಟರ್ ಉದ್ದದ ತಟ್ಟೆ. ನುಂಗಲಾಗದೆ ಕೋಶ ಅದರ ಮೇಲೆ ಮಗುಚಿಕೊಂಡು, ಅಂಚನ್ನು ಒತ್ತಿ ಮುಚ್ಚಿ, ನುಂಗಿದ್ದನ್ನು ಜೀರ್ಣಿಸಲು ತನ್ನೊಳಗೇ ಬಿಡಬೇಕಿದ್ದ ಆಮ್ಲ, ಕಿಣ್ವ, ಚುರುಕು ಆಮ್ಲಜನಕ ಕಣಗಳನ್ನು ಮೇಲ್ಮೈ ಮೇಲೆಯೇ ಸುರಿಯುತ್ತದೆ. ಇಷ್ಟಕ್ಕೂ ಜಗ್ಗದಿದ್ದರೆ ಐಎಲ್-4, ಐಎಲ್-13 ಎಂಬ ಸಂಕೇತಗಳ ಪ್ರಭಾವದಲ್ಲಿ ಹತ್ತಾರು ಮ್ಯಾಕ್ರೋಫೇಜ್‌ಗಳು ಒಂದಾಗಿ ಬಹುಕೇಂದ್ರದ ದೈತ್ಯಕೋಶ ಆಗುತ್ತವೆ. 1980ರ ದಶಕದಲ್ಲಿ ಪೇಸ್‌ಮೇಕರ್ ತಂತಿಗಳ ಪಾಲಿಯುರೇಥೇನ್ ಹೊದಿಕೆ ಬಿರುಕು ಬಿಟ್ಟಿದ್ದು ಈ ದಾಳಿಯಿಂದಲೇ. ತಯಾರಿಕೆಯಲ್ಲಿ ಎಳೆತದ ಒತ್ತಡ ಉಳಿದಿದ್ದ ಜಾಗದಲ್ಲಿ ಕೋಶ ಸುರಿದ ರಾಸಾಯನಿಕ ಸೇರಿ, ಹೊದಿಕೆ ಒಳಗೊಳಗೇ ಸೀಳಿತು.

ಇದೇ ಕೋಶಗಳು ಟಿಜಿಎಫ್-ಬೀಟಾ ಎಂಬ ಸಂಕೇತ ಕಳಿಸಿ ಫೈಬ್ರೊಬ್ಲಾಸ್ಟ್‌ಗಳನ್ನು ಕರೆಯುತ್ತವೆ. ಅವು ಕೊಲ್ಲಾಜೆನ್ ಎಂಬ ನಾರಿನ ಪ್ರೋಟೀನ್ ನೇಯುತ್ತವೆ. ಮೂರು ನಾಲ್ಕು ವಾರಗಳ ಹೊತ್ತಿಗೆ ಇಂಪ್ಲಾಂಟ್ ಸುತ್ತ ರಕ್ತನಾಳಗಳಿಲ್ಲದ, ಸಾಮಾನ್ಯವಾಗಿ 50ರಿಂದ 200 ಮೈಕ್ರಾನ್ ದಪ್ಪದ ನಾರಿನ ಕವಚ ಸಿದ್ಧ. ಮೂಳೆಗೆ ಬಿಗಿದ ಪ್ಲೇಟಿಗೆ ಈ ಕವಚದಿಂದ ಅಂಥ ತೊಂದರೆ ಇಲ್ಲ. ಸಕ್ಕರೆ ಅಳೆಯುವ ಸೆನ್ಸರ್‌ಗೆ ಮಾತ್ರ ಇದು ಮಾರಕ, ಏಕೆಂದರೆ ರಕ್ತದ ಗ್ಲೂಕೋಸ್ ಆ ಗೋಡೆ ದಾಟಿ ಬರಬೇಕು.

ರೋಗಾಣು ಸತ್ತರೆ ಸಾಲದು, ವಸ್ತು ಶುಚಿಯಾಗಿರಬೇಕು

ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವ ಸಂಗತಿ ಇದು. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಶುದ್ಧೀಕರಿಸುವ ಯಂತ್ರ) ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ನಿಜ. ಆದರೆ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯ ಚೂರು, ಅಂದರೆ ಉರಿಯೂತ ಕೆರಳಿಸುವ ಎಂಡೋಟಾಕ್ಸಿನ್, 121 ಡಿಗ್ರಿ ಸೆಲ್ಸಿಯಸ್ ಹಬೆಗೆ ಜಗ್ಗುವುದಿಲ್ಲ. ಅದನ್ನು ನಾಶ ಮಾಡಲು 250 ಡಿಗ್ರಿಯ ಒಣ ಶಾಖದಲ್ಲಿ 30 ನಿಮಿಷ ಇಡಬೇಕು. ಗಾಜು, ಲೋಹಕ್ಕೆ ಅದು ಸಾಧ್ಯ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಆ ಶಾಖದಲ್ಲಿ ಕರಗಿಹೋಗುತ್ತವೆ. ಹಾಗಾಗಿ ಪಾಲಿಮರ್ (ಪ್ಲಾಸ್ಟಿಕ್) ಇಂಪ್ಲಾಂಟ್‌ಗಳಲ್ಲಿ ಎಂಡೋಟಾಕ್ಸಿನ್ ಮೊದಲಿಗೇ ಅಂಟದಂತೆ ನೋಡಿಕೊಳ್ಳಬೇಕು. ಕೊನೆಯ ತೊಳೆತಕ್ಕೆ ಇಂಜೆಕ್ಷನ್ ದರ್ಜೆಯ ನೀರೇ ಬೇಕು, ತೊಳೆದ ಮೇಲೆ ಒದ್ದೆಯಾಗಿ ಗಂಟೆಗಟ್ಟಲೆ ಬಿಡಬಾರದು, ನೀರಿನ ಕೊಳವೆಯೊಳಗೆ ಲೋಳೆಪದರ ಬೆಳೆಯದಂತೆ ನಿಯಮಿತವಾಗಿ ಶುಚಿ ಮಾಡಬೇಕು. ಅಮೆರಿಕದ ಮಿತಿ ಒಂದು ಸಾಧನಕ್ಕೆ 20 ಎಂಡೋಟಾಕ್ಸಿನ್ ಯೂನಿಟ್. ಮೆದುಳುಬಳ್ಳಿಯ ದ್ರವಕ್ಕೆ ತಾಗುವ ಸಾಧನವಾದರೆ ಕೇವಲ 2.15.

ಟೈಟಾನಿಯಂ ಕಣಗಳನ್ನು ಹಾಕಿದ ಇಲಿಗಳಲ್ಲಿ ಮೂಳೆ ಕರಗುವುದನ್ನು ನೋಡಿ ಲೋಹವನ್ನೇ ದೂಷಿಸಿದ್ದ ಕಾಲ ಒಂದಿತ್ತು. ಅಂಟಿದ್ದ ಎಂಡೋಟಾಕ್ಸಿನ್ ತೆಗೆದು ಅದೇ ಕಣಗಳನ್ನು ಹಾಕಿದಾಗ ಕರಗುವಿಕೆ ಬಹುಪಾಲು ಇಳಿಯಿತು. ಹೊಸ ವಸ್ತುವೊಂದು ಉರಿಯೂತ ತಂದಿತು ಎಂಬ ವರದಿ ಓದುವಾಗ ಎಂಡೋಟಾಕ್ಸಿನ್ ಅಳತೆ ಕೊಟ್ಟಿದ್ದಾರೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಆ ತೀರ್ಮಾನಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಉಳಿದ ಕಲ್ಮಶಗಳೂ ಕಡಿಮೆಯವಲ್ಲ. ಯಂತ್ರಕ್ಕೆ ಬಳಸಿದ ಎಣ್ಣೆ, ಪಾಲಿಶ್ ಪುಡಿ, ಸರಿಯಾಗಿ ಬೆಸೆಯದೆ ಉಳಿದ ಮಾನೋಮರ್ (ಪ್ಲಾಸ್ಟಿಕ್ಕಿನ ಬಿಡಿ ಅಣು), ಎಥಿಲೀನ್ ಆಕ್ಸೈಡ್ ಅನಿಲದ ಶೇಷ. ಅನಿಲದಿಂದ ಶುದ್ಧೀಕರಿಸಿದ ಮೇಲೆ ಗಾಳಿಯಾಡಿಸುವ ಅವಧಿ ಕಡಿತಗೊಳಿಸಿದರೆ ಆ ಶೇಷ ನೇರವಾಗಿ ಅಂಗಾಂಶಕ್ಕೆ ಇಳಿಯುತ್ತದೆ. ದೀರ್ಘಕಾಲದ ಇಂಪ್ಲಾಂಟ್‌ನಿಂದ ಮೊದಲ 24 ಗಂಟೆಯಲ್ಲಿ ಹೊರಬರುವ ಎಥಿಲೀನ್ ಆಕ್ಸೈಡ್ 4 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವೈದ್ಯಕೀಯ ಸಾಧನಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 10993 ಸರಣಿಯ ಏಳನೇ ಭಾಗ. ಇನ್ನು ಶಸ್ತ್ರಚಿಕಿತ್ಸಕರ ಕೈಗವಸಿನ ಪಿಷ್ಟದ ಪುಡಿ: ಅದು ಹೊಟ್ಟೆಯೊಳಗೆ ಗಂಟು, ಅಂಟಿಕೆ ತರುತ್ತದೆ ಎಂಬ ಕಾರಣಕ್ಕೆ ಅಮೆರಿಕ 2017ರಲ್ಲಿ ಪುಡಿ ಹಾಕಿದ ಗವಸುಗಳನ್ನು ನಿಷೇಧಿಸಿತು. ಇಂಪ್ಲಾಂಟ್ ಮುಟ್ಟುವವರು ಪುಡಿಯಿಲ್ಲದ ಗವಸನ್ನೇ ತೊಡಬೇಕು.

ಮೆಶ್‌ನ ಕಿಂಡಿ

ಹರ್ನಿಯಾ ಮೆಶ್ ಈ ಇಡೀ ವಿಷಯವನ್ನು ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪಾಲಿಪ್ರೊಪಿಲೀನ್‌ನ ಒಂದೊಂದು ನೂಲಿನ ಸುತ್ತ ದೈತ್ಯಕೋಶಗಳ ಉಂಗುರ, ಅದರಾಚೆ ಕೊಲ್ಲಾಜೆನ್‌ನ ಇನ್ನೊಂದು ಉಂಗುರ. ಎರಡು ನೂಲುಗಳು ಹತ್ತಿರವಿದ್ದರೆ ಒಂದರ ಉಂಗುರ ಮತ್ತೊಂದರದಕ್ಕೆ ತಾಗಿ ಬೆಸೆದುಕೊಳ್ಳುತ್ತದೆ. ಇಡೀ ಮೆಶ್ ಒಂದೇ ಕಲೆಯ ಹಾಳೆಯಾಗಿ ಮುದುಡುತ್ತದೆ. ರೋಗಿಗೆ ಬಾಗಿದಾಗ ಬಿಗಿತ, ಒಳಗೆ ಏನೋ ಚುಚ್ಚಿದಂತೆ, ಕೆಲವೊಮ್ಮೆ ನರ ಸಿಕ್ಕಿಕೊಂಡು ತಿಂಗಳುಗಟ್ಟಲೆ ನೋವು. ನೂಲುಗಳ ನಡುವೆ ಸುಮಾರು 1 ಮಿಲಿಮೀಟರ್ ಅಥವಾ ಹೆಚ್ಚು ತೆರವಿದ್ದರೆ ಉಂಗುರಗಳು ಕೂಡುವುದಿಲ್ಲ. ನಡುವಿನ ಜಾಗದಲ್ಲಿ ಕೊಬ್ಬು, ರಕ್ತನಾಳ ತುಂಬಿ, ಮೆಶ್ ಮೃದುವಾಗಿಯೇ ಉಳಿಯುತ್ತದೆ.

ಹಳೆಯ ಭಾರದ ಮೆಶ್‌ಗಳು ಚದರ ಮೀಟರಿಗೆ 80ರಿಂದ 100 ಗ್ರಾಂ ತೂಗುತ್ತಿದ್ದವು. ಅಷ್ಟು ಬಲ ಬೇಕಿತ್ತೇ? ಜರ್ಮನಿಯ ಆಖೆನ್‌ನ ಶಸ್ತ್ರಚಿಕಿತ್ಸಕರು ಲೆಕ್ಕ ಹಾಕಿದರು. ಕೆಮ್ಮು, ಜಿಗಿತದಲ್ಲೂ ಹೊಟ್ಟೆಯೊಳಗಿನ ಒತ್ತಡ ಸುಮಾರು 20 ಕಿಲೋಪಾಸ್ಕಲ್ ಮೀರುವುದಿಲ್ಲ, ಅದನ್ನು ತಡೆಯಲು ಸೆಂಟಿಮೀಟರಿಗೆ 16 ನ್ಯೂಟನ್ ಬಲ ಸಾಕು. ಹಳೆಯ ಮೆಶ್‌ಗಳ ಬಲ ಅದರ ಹಲವು ಪಟ್ಟು. ಅಗತ್ಯವಿಲ್ಲದ ಪ್ಲಾಸ್ಟಿಕ್ ದೇಹದೊಳಗೆ ಹೋಗುತ್ತಿತ್ತು. ಆಮೇಲೆ ಬಂದವು ಅಗಲ ಕಿಂಡಿಯ, 30ರಿಂದ 50 ಗ್ರಾಂ ಆಸುಪಾಸಿನ ಹಗುರ ಮೆಶ್‌ಗಳು. ಹಾಗೆಂದು ಎಲ್ಲರಿಗೂ ಹಗುರವಾದದ್ದೇ ಸರಿ ಎನ್ನುವಂತಿಲ್ಲ. ದೊಡ್ಡ ತೂತಿನ ನೇರ (ಡೈರೆಕ್ಟ್) ಹರ್ನಿಯಾದಲ್ಲಿ, ಲ್ಯಾಪರೊಸ್ಕೋಪಿಯಲ್ಲಿ ಸಾಕಷ್ಟು ಅಂಚು ಬಿಡದೆ ಕೂರಿಸಿದ ಹಗುರ ಮೆಶ್ ತೂತಿನೊಳಕ್ಕೇ ಉಬ್ಬಿ, ಹರ್ನಿಯಾ ಮರುಕಳಿಸುತ್ತದೆ. ನಮ್ಮ ದೃಷ್ಟಿಯಲ್ಲಿ ಗ್ರಾಂ ಲೆಕ್ಕಕ್ಕಿಂತ ಕಿಂಡಿಯ ಅಗಲ ಮುಖ್ಯ, ಅದೂ ಮೆಶ್ ಎಳೆತಕ್ಕೆ ಸಿಕ್ಕಿದಾಗ ಉಳಿಯುವ ಅಗಲ. ಮೇಜಿನ ಮೇಲೆ ಚೌಕವಾಗಿ ಕಾಣುವ ಕಿಂಡಿ ಒಂದು ದಿಕ್ಕಿಗೆ ಎಳೆದಾಗ ಸೀಳಿನಂತೆ ಮುಚ್ಚಿಕೊಂಡರೆ ಏನು ಪ್ರಯೋಜನ?

ಹಲವು ಎಳೆ ಹೊಸೆದ ನೂಲಿನಲ್ಲಿ ಬೇರೆಯದೇ ಅಪಾಯ. ಎಳೆಗಳ ಸಂದು 10 ಮೈಕ್ರಾನಿಗಿಂತ ಕಿರಿದಾದರೆ, 1 ಮೈಕ್ರಾನಿನ ಬ್ಯಾಕ್ಟೀರಿಯಾ ಒಳಗೆ ಸೇರಿಕೊಳ್ಳುತ್ತದೆ, ಅದನ್ನು ಹಿಡಿಯಬೇಕಾದ ಮ್ಯಾಕ್ರೋಫೇಜ್ ಒಳಗೆ ಹೋಗಲಾರದು. ಸೋಂಕಿನ ಭಯವಿದ್ದಲ್ಲಿ ಒಂಟಿ ಎಳೆಯ ಮೆಶ್ ಆರಿಸುವುದು ಇದಕ್ಕೇ. ಇನ್ನು ಬರಿಯ ಪಾಲಿಪ್ರೊಪಿಲೀನ್ ಕರುಳಿಗೆ ತಾಗುವಂತೆ ಎಂದೂ ಇಡಬಾರದು. ಅಂಟಿಕೊಳ್ಳುತ್ತದೆ, ಕೆಲವೊಮ್ಮೆ ಕರುಳನ್ನೇ ಕೊರೆಯುತ್ತದೆ. ಅಂಥ ಜಾಗಕ್ಕೆ ಒಂದು ಮಗ್ಗುಲಿಗೆ ಅಂಟದ ಪದರವಿರುವ ಮೆಶ್ ಬೇಕು, ಅದನ್ನು ತಿರುವುಮುರುವಾಗಿ ಹಾಕದಂತೆ ಎಚ್ಚರವೂ ಬೇಕು.

ಬಡ ರೋಗಿಗಳಿಗೆ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧೀಕರಿಸಿ ಮೆಶ್ ಆಗಿ ಬಳಸಿದವರು ಮಹಾರಾಷ್ಟ್ರದ ದೊಂಡಾಯಿಚಾದ ಡಾ. ರವೀಂದ್ರನಾಥ ಟೊಂಗಾಂವ್ಕರ್. ಉಗಾಂಡಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಅಗ್ಗದ ಮೆಶ್‌ಗೂ ಕಂಪನಿಯ ಹಗುರ ಮೆಶ್‌ಗೂ ಒಂದು ವರ್ಷದ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಾರಣ ಸ್ಪಷ್ಟ: ಕಿಂಡಿ ಅಗಲ, ತೂಕ ಕಡಿಮೆ. ಷರತ್ತುಗಳೂ ಅಷ್ಟೇ ಸ್ಪಷ್ಟ. ಕೀಟನಾಶಕ ಲೇಪಿಸಿದ ಪರದೆ ಕೂಡದು. ಶಾಖ 121 ಡಿಗ್ರಿ ಮೀರಿದರೆ ಪಾಲಿಎಥಿಲೀನ್ ಎಳೆ ಕುಗ್ಗಿ ಕಿಂಡಿ ಮುಚ್ಚುತ್ತದೆ.

ಅಲುಗಾಟ, ಬಿಗುಪು, ಶಾಖ

ಮೂಳೆಗೂ ಟೈಟಾನಿಯಂಗೂ ನಡುವೆ ನಾರಿನ ಪದರವೇ ಇಲ್ಲದೆ ನೇರ ಬೆಸುಗೆ ಆಗಬಲ್ಲದು ಎಂದು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರಾನೆಮಾರ್ಕ್ ತೋರಿಸಿಕೊಟ್ಟರು. 1965ರಲ್ಲಿ ಮೊದಲ ರೋಗಿಯ ದವಡೆಗೆ ಹಲ್ಲಿನ ಇಂಪ್ಲಾಂಟ್ ಹಾಕಿದರು. ಬೆಸುಗೆ ಆಗಬೇಕಾದರೆ ಮೊದಲ ವಾರಗಳಲ್ಲಿ ಇಂಪ್ಲಾಂಟ್ ಅಲ್ಲಾಡಬಾರದು. ಸುಮಾರು 50 ಮೈಕ್ರಾನ್ ಒಳಗಿನ ಅಲುಗಾಟವನ್ನು ಮೂಳೆ ಸಹಿಸುತ್ತದೆ. 150 ಮೈಕ್ರಾನ್ ದಾಟಿದರೆ ಮೂಳೆಯ ಬದಲು ನಾರು ಬೆಳೆಯುತ್ತದೆ. ಒಮ್ಮೆ ನಾರು ಬೆಳೆದರೆ ಅಲುಗಾಟ ಹೆಚ್ಚುತ್ತದೆ, ಅಲುಗಾಟ ಹೆಚ್ಚಿದಷ್ಟೂ ನಾರು. ಅಲ್ಲಿಂದ ಹಿಂದಿರುಗುವುದು ಕಷ್ಟ.

ಕೊರೆಯುವಾಗಿನ ಶಾಖವೂ ಅಷ್ಟೇ ಮುಖ್ಯ. ಮೂಳೆ 47 ಡಿಗ್ರಿಗೆ ಒಂದು ನಿಮಿಷ ಬಿಸಿಯಾದರೆ ಸಾಯತೊಡಗುತ್ತದೆ ಎಂದು 1983ರಲ್ಲಿ ಮೊಲಗಳ ಮೇಲಿನ ಅಧ್ಯಯನ ತೋರಿಸಿತು. ಸತ್ತ ಮೂಳೆ ಯಾವ ಲೋಹಕ್ಕೂ ಬೆಸೆಯದು. ಸಣ್ಣ ಡ್ರಿಲ್‌ನಿಂದ ಶುರುಮಾಡಿ ಹಂತಹಂತವಾಗಿ ಅಗಲಿಸುವುದು, ತಣ್ಣನೆಯ ಸಲೈನ್ ನಿಲ್ಲದೆ ಹರಿಸುವುದು, ಮೊಂಡಾದ ಡ್ರಿಲ್ ಎಸೆಯುವುದು, ನಡುನಡುವೆ ಡ್ರಿಲ್ ಹೊರಗೆ ತೆಗೆದು ಚೂರು ತೊಳೆಯುವುದು ಬೇಕಾಗುವುದು ಇದಕ್ಕಾಗಿ. ಕೆಳದವಡೆಯ ಮುಂಭಾಗದ ಗಟ್ಟಿ ಮೂಳೆಯಲ್ಲಿ ಈ ತಪ್ಪು ಹೆಚ್ಚು. ‘ಟೈಟಾನಿಯಂ ನನ್ನ ಮೈಗೆ ಆಗಲಿಲ್ಲ’ ಎಂದು ರೋಗಿ ನಂಬಿಕೊಂಡಿರುವ ಎಷ್ಟೋ ಪ್ರಕರಣಗಳಲ್ಲಿ ಅಪರಾಧಿ ಡ್ರಿಲ್ಲಿನ ಬಿಸಿ, ಬೇಗ ಬಿದ್ದ ಭಾರ, ಇಲ್ಲವೇ ಸೋಂಕು.

ಬಿಗುಪಿನ, ಅಂದರೆ ಬಾಗದೆ ಸೆಟೆದು ನಿಲ್ಲುವ ಗುಣದ, ಅಂತರ ಇನ್ನೊಂದು ತೊಡಕು. ಸ್ಟೀಲಿನ ಬಿಗುಪು ಸುಮಾರು 200 ಗಿಗಾಪಾಸ್ಕಲ್, ಟೈಟಾನಿಯಂದು 110, ಗಟ್ಟಿ ಮೂಳೆಯದು 10ರಿಂದ 20. ಭಾರವನ್ನೆಲ್ಲ ಲೋಹವೇ ಹೊತ್ತರೆ ಕೆಲಸವಿಲ್ಲದ ಮೂಳೆ ತೆಳುವಾಗುತ್ತದೆ. ಮೆದುಳಿನಲ್ಲಂತೂ ಅಂತರ ಊಹೆ ಮೀರಿದ್ದು: ಸಿಲಿಕಾನ್ ಎಲೆಕ್ಟ್ರೋಡ್ ನೂರು ಗಿಗಾಪಾಸ್ಕಲ್‌ಗೂ ಮಿಗಿಲು, ಮೆದುಳು ಕೆಲವೇ ಕಿಲೋಪಾಸ್ಕಲ್. ಪ್ರತಿ ಉಸಿರು, ಪ್ರತಿ ನಾಡಿಬಡಿತಕ್ಕೂ ಮೆದುಳು ಅಲುಗುತ್ತದೆ, ಎಲೆಕ್ಟ್ರೋಡ್ ಅಲುಗದು. ಸುತ್ತಲಿನ ಗ್ಲಿಯಾ ಕೋಶಗಳು (ನರಕೋಶಗಳಿಗೆ ಆಸರೆಯಾಗುವ ಕೋಶಗಳು) ಕಲೆ ಕಟ್ಟುತ್ತವೆ, ಸಂಕೇತ ಮಸುಕಾಗುತ್ತದೆ. ಕೂದಲಿಗಿಂತ ತೆಳುವಾದ, ಬಾಗುವ ಎಲೆಕ್ಟ್ರೋಡ್‌ಗಳ ಕಡೆಗೆ ಇಡೀ ಕ್ಷೇತ್ರ ಹೊರಳಿರುವುದು ಈ ಕಾರಣದಿಂದ.

ಸವೆತದ ಪುಡಿ

ಇಂಗ್ಲೆಂಡಿನ ಜಾನ್ ಚಾರ್ನ್ಲಿ ಸೊಂಟದ ಕೃತಕ ಕೀಲಿಗೆ ಮೊದಲು ಟೆಫ್ಲಾನ್ ಬಟ್ಟಲು ಬಳಸಿದ್ದರು. ನುಣುಪು ಅದ್ಭುತ, ಆದರೆ ಕೆಲವೇ ವರ್ಷಗಳಲ್ಲಿ ಸವೆದು, ಪುಡಿಯ ಸುತ್ತ ದೊಡ್ಡ ಗಂಟುಗಳಾದವು. 1962ರಲ್ಲಿ ಅವರು ಪಾಲಿಎಥಿಲೀನ್‌ಗೆ ಬದಲಾಯಿಸಿದರು. ಟೆಫ್ಲಾನ್, ಪಾಲಿಎಥಿಲೀನ್ ಎರಡರ ಮಾದರಿಯನ್ನೂ ತಮ್ಮ ತೊಡೆಯಲ್ಲೇ ಇರಿಸಿಕೊಂಡು ಪರೀಕ್ಷಿಸಿದ್ದರು ಚಾರ್ನ್ಲಿ.

ಪಾಲಿಎಥಿಲೀನ್ ಕೂಡ ಸವೆಯುತ್ತದೆ, ನಿಧಾನವಾಗಿ. ಪುಡಿಯ ಬಹುಪಾಲು ಕಣಗಳು 1 ಮೈಕ್ರಾನಿಗಿಂತ ಚಿಕ್ಕವು, ಅಂದರೆ ಮ್ಯಾಕ್ರೋಫೇಜ್ ಸಲೀಸಾಗಿ ನುಂಗುವ ಗಾತ್ರ. ನುಂಗಬಹುದು, ಜೀರ್ಣಿಸಲಾಗದು. ಕೆರಳಿದ ಕೋಶ ಟಿಎನ್‌ಎಫ್, ಐಎಲ್-1 ಸಂಕೇತಗಳನ್ನು ಹೊರಬಿಡುತ್ತದೆ, ಅವು ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತವೆ. ಹತ್ತು ಹದಿನೈದು ವರ್ಷದ ಮೇಲೆ ಎಕ್ಸ್‌ರೇಯಲ್ಲಿ ಕೀಲಿನ ಸುತ್ತ ಕಪ್ಪು ಟೊಳ್ಳುಗಳು ಕಾಣುತ್ತವೆ. ರೋಗಿಗೆ ಆವರೆಗೆ ನೋವೇ ಇರದಿರಬಹುದು. ವರ್ಷಕ್ಕೆ 0.1 ಮಿಲಿಮೀಟರಿಗಿಂತ ಕಡಿಮೆ ಸವೆದರೆ ಈ ಕರಗುವಿಕೆ ವಿರಳ, 0.05ಕ್ಕಿಂತ ಕಡಿಮೆಯಾದರೆ ಹೆಚ್ಚೂಕಡಿಮೆ ಇಲ್ಲವೇ ಇಲ್ಲ.

ಈ ಮಿತಿಯೊಳಕ್ಕೆ ಬರಲು ಪಾಲಿಎಥಿಲೀನ್‌ಗೆ 50ರಿಂದ 100 ಕಿಲೋಗ್ರೇ ವಿಕಿರಣ ಹಾಯಿಸಿ ಸರಪಳಿಗಳನ್ನು ಅಡ್ಡಡ್ಡ ಬೆಸೆಯುತ್ತಾರೆ. ವಿಕಿರಣದಿಂದ ಉಳಿಯುವ ಫ್ರೀ ರಾಡಿಕಲ್‌ಗಳು (ತುಂಡಾದ ಸರಪಳಿಯ ಚುರುಕು ತುದಿಗಳು) ಆಮ್ಲಜನಕದ ಜೊತೆ ಸೇರಿ ವರ್ಷಗಳ ಮೇಲೆ ಪ್ಲಾಸ್ಟಿಕ್ಕನ್ನು ಪೆಡಸಾಗಿಸುತ್ತವೆ. ಹಿಂದೆ ಗಾಳಿಯಲ್ಲೇ ಗಾಮಾ ಕಿರಣ ಹಾಯಿಸಿ ಕಪಾಟಿನಲ್ಲಿಟ್ಟ ಬಟ್ಟಲುಗಳು ಹಾಗೆಯೇ ಬಿರುಕು ಬಿಟ್ಟವು. ಈಗ ಬೆಸೆದ ಮೇಲೆ ಕರಗಿಸಿ ರಾಡಿಕಲ್‌ಗಳನ್ನು ನಂದಿಸುತ್ತಾರೆ, ಇಲ್ಲವೇ ವಿಟಮಿನ್ ಇ ಬೆರೆಸುತ್ತಾರೆ. ಬೆಸುಗೆ ಹೆಚ್ಚಿದಷ್ಟೂ ಸವೆತ ಕಡಿಮೆ, ಆದರೆ ಬಿರುಕು ತಡೆಯುವ ಶಕ್ತಿಯೂ ಕಡಿಮೆ. ಸೊಂಟದಲ್ಲಿ ಇದು ದೊಡ್ಡ ಗೆಲುವು. ಮೊಣಕಾಲಿನಲ್ಲಿ ಒತ್ತಡ ಚಿಕ್ಕ ಜಾಗದಲ್ಲಿ ಬೀಳುವುದರಿಂದ ಲಾಭ ಅಷ್ಟು ನೇರವಲ್ಲ.

ಪ್ಲಾಸ್ಟಿಕ್ ಬೇಡವೆಂದು ಲೋಹದ ಬಟ್ಟಲಿಗೆ ಲೋಹದ ಚೆಂಡು ಕೂಡಿಸಿದ ಪ್ರಯತ್ನ ಏನಾಯಿತು ಎಂಬುದು ಜಗತ್ತಿಗೇ ಗೊತ್ತು. ಸವೆದ ಲೋಹದ ಪ್ರಮಾಣ ಕಡಿಮೆ, ಆದರೆ ಕಣಗಳು ನ್ಯಾನೋಮೀಟರ್ ಗಾತ್ರದವು, ಸಂಖ್ಯೆ ಅಪಾರ, ಜೊತೆಗೆ ಕೋಬಾಲ್ಟ್ ಅಯಾನುಗಳು. ಸ್ನಾಯು ಸತ್ತು, ದ್ರವ ತುಂಬಿದ ಗಡ್ಡೆಯಂಥ ಊತ ಬಂತು. ಡೆಪ್ಯೂ ಕಂಪನಿಯ ಎಎಸ್‌ಆರ್ ಮಾದರಿಯನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂಪಡೆಯಲಾಯಿತು, ಭಾರತದಲ್ಲೂ ಅದನ್ನು ಹಾಕಿಸಿಕೊಂಡವರಿದ್ದರು. ಬಟ್ಟಲನ್ನು ತೀರಾ ಕಡಿದಾಗಿ ಕೂರಿಸಿದವರಲ್ಲಿ ಅಂಚು ಉಜ್ಜಿ ಸವೆತ ಇನ್ನೂ ಹೆಚ್ಚಿತು. ಇಂಥ ಕೀಲು ಇರುವವರು ನೋವಿಲ್ಲದಿದ್ದರೂ ರಕ್ತದ ಕೋಬಾಲ್ಟ್, ಕ್ರೋಮಿಯಂ ಪರೀಕ್ಷೆ ಮಾಡಿಸಬೇಕು. ಬ್ರಿಟನ್ ಇಟ್ಟುಕೊಂಡ ಎಚ್ಚರಿಕೆಯ ಗೆರೆ ಶತಕೋಟಿಯಲ್ಲಿ 7 ಭಾಗ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಹೃದಯ ಕವಾಟ ಇಲ್ಲಿ ನೆನಪಾಗಬೇಕು. ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದ ತಂಡ ಹಿಂದಿನ ಮಾದರಿಗಳನ್ನು ಬದಿಗಿಟ್ಟು ನಾಲ್ಕನೆಯದರಲ್ಲಿ ಗೆದ್ದಿತು. 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಅದನ್ನು ಹಾಕಲಾಯಿತು. ವಲಿಯತ್ತಾನ್ ಮುಂದೆ ಮಣಿಪಾಲದ ಕುಲಪತಿಗಳಾದರು. ಕವಾಟದ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿಗೆ ಬೆಸುಗೆಯ ಕೀಲೇ ಇಲ್ಲ, ಒಂದೇ ತುಂಡಿನಿಂದ ಕಡೆದದ್ದು. ತೆರೆದು ಮುಚ್ಚುವ ಬಿಲ್ಲೆ ಪಾಲಿಎಥಿಲೀನ್. ಹೊಲಿಯುವ ಉಂಗುರ ಪಾಲಿಯೆಸ್ಟರ್ ಬಟ್ಟೆ. ಬಟ್ಟೆಯ ಉಂಗುರದೊಳಕ್ಕೆ ಅಂಗಾಂಶ ಬೆಳೆಯಲೇಬೇಕು, ಇಲ್ಲದಿದ್ದರೆ ಕವಾಟ ಕಿತ್ತುಬರುತ್ತದೆ. ಅದೇ ಅಂಗಾಂಶ ಬಿಲ್ಲೆಯ ದಾರಿಗೆ ಬೆಳೆದರೆ ಕವಾಟ ಸಿಕ್ಕಿಕೊಳ್ಳುತ್ತದೆ. ಒಂದೇ ಸಾಧನದಲ್ಲಿ ಕೆಲವೇ ಮಿಲಿಮೀಟರ್ ಅಂತರದಲ್ಲಿ ಪ್ರತಿಕ್ರಿಯೆ ಒಂದು ಕಡೆ ಬೇಕು, ಇನ್ನೊಂದು ಕಡೆ ಬೇಡ.

ಬೇಕಾದ ಜಾಗಕ್ಕೆ ಮಾತ್ರ ಔಷಧ

ಉರಿಯೂತ ತಗ್ಗಿಸಲು ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಇಡೀ ದೇಹ ಅದರ ಬೆಲೆ ತೆರುತ್ತದೆ. ಪೇಸ್‌ಮೇಕರ್ ತಂತಿ ಈ ಸಮಸ್ಯೆಯನ್ನು ಚೆಲುವಾಗಿ ಬಿಡಿಸಿತು. ತಂತಿಯ ತುದಿ ಹೃದಯದ ಒಳಗೋಡೆಗೆ ತಾಗಿದ ಮೇಲೆ ಎರಡರಿಂದ ಆರು ವಾರಗಳ ನಡುವೆ, ಹೃದಯ ಮಿಡಿಸಲು ಬೇಕಾದ ವೋಲ್ಟೇಜ್ ಏರುತ್ತಿತ್ತು. ಉರಿಯೂತ, ಆಮೇಲೆ ಕವಚ. ಕವಚ ವಿದ್ಯುತ್ತಿಗೆ ಮಿಡಿಯದ ಅಂಗಾಂಶ, ಹಾಗಾಗಿ ಮಿಡಿಯುವ ಸ್ನಾಯು ತುದಿಯಿಂದ ದೂರವಾಗುತ್ತದೆ, ಅಲ್ಲಿಗೆ ತಲಪುವ ವಿದ್ಯುತ್ ಸಾಂದ್ರತೆ ಇಳಿಯುತ್ತದೆ. 1983ರಿಂದ ರಂಧ್ರಗಳಿರುವ ಲೋಹದ ತುದಿಯ ಹಿಂದೆ ಪುಟ್ಟ ಸಿಲಿಕೋನ್ ಗುಳಿಗೆ ಇಟ್ಟು, ಅದರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ತುಂಬಿದರು. ಪ್ರಮಾಣ 1 ಮಿಲಿಗ್ರಾಂಗೂ ಕಡಿಮೆ. ವೋಲ್ಟೇಜ್ ಏರಿಕೆ ಹೆಚ್ಚುಕಡಿಮೆ ನಿಂತೇಹೋಯಿತು. ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಖರ್ಚಾಗುವುದರಿಂದ 5 ವೋಲ್ಟ್ ಬದಲು 2.5 ಸಾಕಾದರೆ ಪ್ರತಿ ಮಿಡಿತಕ್ಕೆ ಕಾಲುಭಾಗ ಶಕ್ತಿ ಸಾಕು, ಬ್ಯಾಟರಿ ವರ್ಷಗಟ್ಟಲೆ ಹೆಚ್ಚು ಬಾಳುತ್ತದೆ.

ಹೃದಯನಾಳದ ಸ್ಟೆಂಟ್‌ಗಳ ಹಾದಿ ಇಷ್ಟು ಸುಗಮವಾಗಿರಲಿಲ್ಲ. ಬರಿಯ ಲೋಹದ ಸ್ಟೆಂಟ್‌ಗಳಲ್ಲಿ ಶೇ 20ರಿಂದ 30ರಷ್ಟು ಮತ್ತೆ ಕಿರಿದಾಗುತ್ತಿದ್ದವು. 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೈಫರ್ ಸ್ಟೆಂಟ್ ಸಿರೊಲಿಮಸ್ ಔಷಧ ಬಿಡುಗಡೆ ಮಾಡಿ ಅದನ್ನು ಗಣನೀಯವಾಗಿ ಇಳಿಸಿತು. ಈಸ್ಟರ್ ದ್ವೀಪದ ಮಣ್ಣಿನಿಂದ ಬಂದ ಈ ಔಷಧವನ್ನು ಬೇರ್ಪಡಿಸಿ ಬೆಳೆಸಿದವರಲ್ಲಿ ಭಾರತ ಮೂಲದ ಸುರೇಂದ್ರನಾಥ ಸೆಹಗಲ್ ಪ್ರಮುಖರು. ತೊಂದರೆ ಆಮೇಲೆ ಕಂಡಿತು. ಔಷಧ ನಾಳವನ್ನು ಕಿರಿದಾಗಿಸುವ ಸ್ನಾಯುಕೋಶದ ಜೊತೆಗೆ ನಾಳದ ಒಳಪದರದ ಬೆಳವಣಿಗೆಯನ್ನೂ ತಡೆಯುತ್ತದೆ. ಔಷಧ ಮುಗಿದ ಮೇಲೂ ಅದನ್ನು ಹಿಡಿದಿಟ್ಟಿದ್ದ ಪಾಲಿಮರ್ ಲೇಪನ ಉಳಿದು ಕೆರಳಿಸುತ್ತದೆ. ಬರಿಯ ಲೋಹ ರಕ್ತಕ್ಕೆ ತೆರೆದಿರುವವರೆಗೆ ಹೆಪ್ಪುಗಟ್ಟುವ ಅಪಾಯ. ಹೊಸ ಸ್ಟೆಂಟ್‌ಗಳಲ್ಲಿ ಲೋಹದ ಎಳೆ 140 ಮೈಕ್ರಾನಿನಿಂದ 60–80ಕ್ಕೆ ಇಳಿದಿದೆ, ಪಾಲಿಮರ್ ಹೆಚ್ಚು ಒಗ್ಗುವಂಥದ್ದು ಅಥವಾ ಕರಗಿಹೋಗುವಂಥದ್ದು. ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ವೈದ್ಯರು ಹೇಳಿದ ಅವಧಿಗೆ ಮೊದಲೇ ನಿಲ್ಲಿಸಬಾರದು ಎನ್ನುವುದರ ಹಿಂದಿನ ಕಾರಣ ಇದೇ.

ಚರ್ಮದಡಿ ಇಡುವ ಎವರ್‌ಸೆನ್ಸ್ ಗ್ಲೂಕೋಸ್ ಸೆನ್ಸರ್ ಕೂಡ ಡೆಕ್ಸಾಮೆಥಾಸೋನ್ ಒಸರುವ ಸಿಲಿಕೋನ್ ಉಂಗುರ ಹೊತ್ತಿದೆ. ಅಮೆರಿಕದಲ್ಲಿ ಅದಕ್ಕೆ ಸಿಕ್ಕ ಅವಧಿ 2018ರಲ್ಲಿ 90 ದಿನ, 2022ರಲ್ಲಿ 180, 2024ರಲ್ಲಿ 365. ಚರ್ಮಕ್ಕೆ ಚುಚ್ಚಿಕೊಳ್ಳುವ ಸಾಮಾನ್ಯ ಸೆನ್ಸರ್‌ಗಳು ಒಂದೆರಡು ವಾರಕ್ಕೇ ಮುಗಿಯುತ್ತವೆ.

ಲೇಪನ, ಒರಟುತನ

ಪ್ರೋಟೀನ್ ಅಂಟದಂತೆ ಮೇಲ್ಮೈಗೆ ಲೇಪನ ಹಚ್ಚುವುದು ಕಾಗದದ ಮೇಲೆ ಅತ್ಯಂತ ನೇರ ಉಪಾಯ. ಪಾಲಿಎಥಿಲೀನ್ ಗ್ಲೈಕಾಲ್ ಲೇಪನ ಗಂಟೆಗಳ ಲೆಕ್ಕದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ದೇಹದಲ್ಲಿ ಉತ್ಕರ್ಷಣೆಗೊಂಡು ವಾರಗಳಲ್ಲಿ ಕುಂದುತ್ತದೆ. ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಲೇಪನ ಹೃದಯ ಶಸ್ತ್ರಚಿಕಿತ್ಸೆಯ ಬೈಪಾಸ್ ಕೊಳವೆಗಳಿಗೆ ಸೊಗಸು, ವರ್ಷಗಟ್ಟಲೆ ಒಳಗಿರುವುದಕ್ಕೆ ಅಷ್ಟಲ್ಲ. ಧನ, ಋಣ ಎರಡೂ ವಿದ್ಯುದಂಶ ಹೊತ್ತ ಜ್ವಿಟರ್‌ಅಯಾನಿಕ್ ಜೆಲ್‌ಗಳು ಇಲಿಗಳಲ್ಲಿ ಮೂರು ತಿಂಗಳು ಕವಚ ಕಟ್ಟಿಸಿಕೊಳ್ಳಲಿಲ್ಲ ಎಂದು 2013ರಲ್ಲಿ ವರದಿಯಾಯಿತು. ಆಶಾದಾಯಕ, ಆದರೆ ಜೆಲ್ ಮೆದು. ಭಾರ ಹೊರುವ ಇಂಪ್ಲಾಂಟ್ ಮೇಲೆ ಅದು ಸುಲಿಯದೆ ನಿಲ್ಲಬೇಕು.

ಗಾತ್ರದ ಆಟ ಇನ್ನೂ ಅಚ್ಚರಿಯದು. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಲ್ಜಿನೇಟ್ (ಕಡಲಪಾಚಿಯಿಂದ ಬರುವ ಜೆಲ್) ಗುಂಡುಗಳು 0.5 ಮಿಲಿಮೀಟರ್ ಇದ್ದಾಗ ನಾರು ಮುತ್ತಿತು, ಅದೇ ವಸ್ತು 1.5 ಮಿಲಿಮೀಟರ್ ಗುಂಡಾದಾಗ ಬಹುಪಾಲು ಬಿಟ್ಟುಬಿಟ್ಟಿತು. ಸ್ತನದ ಸಿಲಿಕೋನ್ ಇಂಪ್ಲಾಂಟ್‌ಗಳ ಮೇಲ್ಮೈ ಒರಟುತನವನ್ನು ಹೋಲಿಸಿದ 2021ರ ಅಧ್ಯಯನದಲ್ಲಿ, ಸರಾಸರಿ 4 ಮೈಕ್ರಾನ್ ಒರಟುತನ ಇದ್ದದ್ದಕ್ಕೆ ಉರಿಯೂತ ಅತಿ ಕಡಿಮೆ. ನುಣುಪಾದದ್ದೂ ಅಷ್ಟು ಚೆನ್ನಾಗಿರಲಿಲ್ಲ, ತೀರಾ ಒರಟಾದದ್ದೂ ಇಲ್ಲ. ಕವಚ ಬಿಗಿದುಕೊಳ್ಳುವುದನ್ನು ತಡೆಯಲೆಂದೇ ತಂದ ತೀರಾ ಒರಟು ಮೇಲ್ಮೈ ಮುಂದೆ ಅಪರೂಪದ ಲಿಂಫೋಮಾ ಕ್ಯಾನ್ಸರ್‌ಗೆ ನಂಟಾಯಿತು. ಬಯೋಸೆಲ್ ಎಂಬ ಅಂಥ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನು 2019ರ ಜುಲೈನಲ್ಲಿ ಹಿಂಪಡೆಯಲಾಯಿತು. ಇಂಥ ಇಂಪ್ಲಾಂಟ್ ಇದ್ದು, ವರ್ಷಗಳ ಮೇಲೆ ಒಂದು ಕಡೆ ದಿಢೀರನೆ ಊದಿದರೆ ಸುಮ್ಮನೆ ಕೂರಬಾರದು. ಆ ದ್ರವವನ್ನು ಸೂಜಿಯಲ್ಲಿ ತೆಗೆದು, ಈ ಲಿಂಫೋಮಾ ಕೋಶಗಳ ಗುರುತಾದ ಸಿಡಿ30 ಪರೀಕ್ಷೆಗೆ ಕಳಿಸಬೇಕು.

ಅಲರ್ಜಿ ಎನ್ನುವ ಮೊದಲು ಸೋಂಕು ನೋಡಿ

ಸರ್ಜಿಕಲ್ ಸ್ಟೀಲಿನಲ್ಲಿ ಶೇ 10ರಿಂದ 14ರಷ್ಟು ನಿಕಲ್ ಇದೆ. ಓಲೆ, ವಾಚಿನ ಪಟ್ಟಿಗೆ ಚರ್ಮ ಕೆಂಪಾಗುವವರು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಟೈಟಾನಿಯಂ ಆಯ್ಕೆ ಇದ್ದೇ ಇದೆ. ಆದರೆ ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆಯಲ್ಲಿ ನಿಕಲ್ ಅಲರ್ಜಿ ಕಂಡ ಎಷ್ಟೋ ಜನ ಸ್ಟೀಲ್ ಪ್ಲೇಟ್ ಹೊತ್ತು ಆರಾಮಾಗಿದ್ದಾರೆ. ಪ್ಲೇಟ್, ಸ್ಕ್ರೂ ಉಜ್ಜಿ ರಕ್ಷಣಾ ಪದರ ಕಿತ್ತಾಗ ಅಯಾನು ಹೆಚ್ಚು ಹೊರಬರುತ್ತದೆ. ಒಂದು ಲೋಹದ ಪ್ಲೇಟಿಗೆ ಇನ್ನೊಂದು ಲೋಹದ ಸ್ಕ್ರೂ ಹಾಕಬಾರದೆನ್ನುವುದೂ ಈ ಸವಕಳಿ ಹೆಚ್ಚದಿರಲೆಂದು.

ಇಂಪ್ಲಾಂಟ್ ಇರುವಲ್ಲಿ ಸೋಂಕಿಗೆ ಎಷ್ಟು ಕಡಿಮೆ ಬ್ಯಾಕ್ಟೀರಿಯಾ ಸಾಕೆಂದು 1957ರ ಪ್ರಯೋಗವೊಂದು ತೋರಿಸಿದೆ. ಸ್ವಯಂಸೇವಕರ ಚರ್ಮದಲ್ಲಿ ಕೀವು ಬರಿಸಲು ಹತ್ತಾರು ಲಕ್ಷ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಬೇಕಿತ್ತು. ಜೊತೆಗೊಂದು ರೇಷ್ಮೆ ಹೊಲಿಗೆ ಇದ್ದರೆ ಕೆಲವು ನೂರು ಸಾಕಾದವು. ಬ್ಯಾಕ್ಟೀರಿಯಾ ಮೇಲ್ಮೈಗೆ ಅಂಟಿ ಲೋಳೆಪದರದೊಳಗೆ ಅಡಗಿದ ಮೇಲೆ ಆಂಟಿಬಯೋಟಿಕ್ ಅದನ್ನು ಸಾಮಾನ್ಯವಾಗಿ ತೊಡೆಯಲಾರದು. ಹಾಗಾಗಿ ಗೀರು ಹಾಕುವ ಮೊದಲಿನ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತಕ್ಕೆ ಸೇರಬೇಕು, ಇಂಪ್ಲಾಂಟ್ ಪೊಟ್ಟಣವನ್ನು ಬೇಕಾದ ಹೊತ್ತಿಗಷ್ಟೇ ಬಿಚ್ಚಬೇಕು, ರಕ್ತ ಶೇಖರವಾಗುವ ಖಾಲಿ ಜಾಗ ಬಿಡಬಾರದು. ಮಧುಮೇಹ ಹತೋಟಿಗೆ ತರುವುದು, ಧೂಮಪಾನ ನಿಲ್ಲಿಸುವುದು ರೋಗಿಯ ಕೈಯಲ್ಲಿರುವ ಕೆಲಸ, ಅದರ ಪರಿಣಾಮ ಯಾವ ದುಬಾರಿ ಲೇಪನಕ್ಕೂ ಕಡಿಮೆಯಲ್ಲ.

ನಿಧಾನವಾಗಿ ನೋವು ಹೆಚ್ಚುತ್ತಿರುವ ಕೀಲನ್ನು ‘ಮೈಗೆ ಹಿಡಿಸಿಲ್ಲ’ ಎಂದು ಬಿಡುವ ಮುನ್ನ ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತದ ರಕ್ತಪರೀಕ್ಷೆಗಳು, ಕೀಲಿನ ದ್ರವದ ಪರೀಕ್ಷೆ ಆಗಬೇಕು. ದ್ರವ ತೆಗೆಯುವ ಮುಂಚೆ, ರೋಗಿಯ ಸ್ಥಿತಿ ಅನುಮತಿಸಿದರೆ, ಕನಿಷ್ಠ ಎರಡು ವಾರ ಆಂಟಿಬಯೋಟಿಕ್ ನಿಲ್ಲಿಸಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ಪ್ರಯೋಗಾಲಯದಲ್ಲಿ ಬೆಳೆಯುವುದಿಲ್ಲ.

ಪ್ರಾಣಿ ಪ್ರಯೋಗಗಳ ಬಗ್ಗೆ ಒಂದು ಮಾತು. 1940ರ ದಶಕದಲ್ಲೇ, ಹೆಗ್ಗಣಗಳ ಚರ್ಮದಡಿ ಇಟ್ಟ ಸೆಲ್ಲೋಫೇನ್ ಹಾಳೆಯ ಸುತ್ತ ಕ್ಯಾನ್ಸರ್ ಬಂದದ್ದು ದಾಖಲಾಗಿತ್ತು. ಮುಂದೆ ಬೇರೆ ಬೇರೆ ವಸ್ತುಗಳ ನುಣುಪಾದ ಹಾಳೆಗಳಿಗೂ ಹಾಗೆಯೇ ಆಯಿತು. ಹಾಳೆಗೆ ತೂತು ಕೊರೆದರೆ ಅಥವಾ ಪುಡಿ ಮಾಡಿ ಹಾಕಿದರೆ ಗಡ್ಡೆ ಕಡಿಮೆ. ಮನುಷ್ಯರಲ್ಲಿ ಇದು ಅತ್ಯಪರೂಪ. ಹೆಗ್ಗಣದ ಫಲಿತಾಂಶವನ್ನು ಹಾಗೇ ತಂದು ಮನುಷ್ಯನಿಗೆ ಅನ್ವಯಿಸುವ ಸುದ್ದಿಗಳನ್ನು ಎಚ್ಚರದಿಂದ ಓದಬೇಕು.

ಇಂಪ್ಲಾಂಟ್ ಹಾಕಿಸಿಕೊಂಡವರು ಅದರ ಸ್ಟಿಕ್ಕರ್ ಇರುವ ಕಾರ್ಡನ್ನು ಕೇಳಿ ಪಡೆಯಬೇಕು. ಕಂಪನಿ, ಮಾದರಿ, ಬ್ಯಾಚ್ ಸಂಖ್ಯೆ ಅದರಲ್ಲಿರುತ್ತದೆ. ಹಿಂಪಡೆಯುವ ಘೋಷಣೆ ಬಂದಾಗ ತಮ್ಮದು ಅದರಲ್ಲಿ ಸೇರಿದೆಯೇ ಎಂದು ತಿಳಿಯಲು ಇದನ್ನು ಬಿಟ್ಟು ಬೇರೆ ನಂಬಿಕಸ್ತ ದಾರಿ ಇಲ್ಲ. ತೊಂದರೆಯಾದರೆ ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಭಾರತದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಬಹುದು. 2015ರಲ್ಲಿ ಶುರುವಾದ ಇದನ್ನು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ನಡೆಸುತ್ತದೆ. ಇಂಪ್ಲಾಂಟ್ ಹೊರತೆಗೆಯುವಾಗ ಬೇರೆ ಬೇರೆ ಜಾಗದ ಮೂರರಿಂದ ಐದು ಅಂಗಾಂಶ ಚೂರುಗಳನ್ನು, ಪ್ರತಿಯೊಂದಕ್ಕೂ ಬೇರೆ ಚಿಮುಟ ಬಳಸಿ, ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಬೇಕು. ನಿಧಾನ ಬೆಳೆಯುವ ಬ್ಯಾಕ್ಟೀರಿಯಾಕ್ಕಾಗಿ ಅದನ್ನು 14 ದಿನದವರೆಗೆ ಇಟ್ಟು ನೋಡುವಂತೆ ಪ್ರಯೋಗಾಲಯಕ್ಕೆ ಬರೆದು ತಿಳಿಸಬೇಕು. ಸೂಕ್ಷ್ಮದರ್ಶಕಕ್ಕೆ ಹೋಗುವ ಚೂರನ್ನು ಮಾತ್ರ ಫಾರ್ಮಲಿನ್‌ನಲ್ಲಿ ಹಾಕಬೇಕು. ಹೊರಬಂದ ಪಾಲಿಮರ್ ಭಾಗವನ್ನು ಆಟೋಕ್ಲೇವ್ ಮಾಡಬಾರದು. ಶಾಖಕ್ಕೆ ಅದು ಬಾಗಿದರೆ, ಸವೆದದ್ದು ಎಲ್ಲಿ, ಬಿರುಕು ಬಿಟ್ಟದ್ದು ಹೇಗೆ ಎಂಬ ಗುರುತು ಅಳಿಸಿಹೋಗುತ್ತದೆ.